ಹಾಡು ಸೋರುವುದು ಎಲ್ಲಿ?

ಥಾಮಸ್ ಆಲ್ವಾ ಎಡಿಸನ್‌ಗೆ ಕಿವಿ ಮಂದ. ಹಾಡು ಹೇಗೆ ಮೂಡಿದೆ ಎಂದು ತಿಳಿಯಬೇಕಾದಾಗ ಫೋನೋಗ್ರಾಫಿನ ಮರದ ಪೆಟ್ಟಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದರು. ತಲೆಬುರುಡೆಯ ಮೂಳೆಗಳ ಮೂಲಕ ಒಳಗಿವಿಗೆ ತಲುಪುವ ಕಂಪನವೇ ಅವರಿಗೆ ಆಧಾರ. ಅಂಥವರು 1912ರಲ್ಲಿ ಮಾರುಕಟ್ಟೆಗೆ ತಂದ ‘ಡೈಮಂಡ್ ಡಿಸ್ಕ್’ ಆ ಕಾಲದ ಬೇರೆ ಧ್ವನಿಮುದ್ರಿಕೆಗಳಿಗಿಂತ ಸ್ಪಷ್ಟವಾಗಿ ನುಡಿಯುತ್ತಿತ್ತು. ಅದನ್ನು ಜನರಿಗೆ ಮನಗಾಣಿಸಲು 1915ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಊರೂರುಗಳಲ್ಲಿ ಪ್ರದರ್ಶನಗಳು ನಡೆದವು. ವೇದಿಕೆಯ ಮೇಲೆ ಯಂತ್ರ, ಪಕ್ಕದಲ್ಲಿ ಗಾಯಕಿ. ಹಾಡು ಅರ್ಧಕ್ಕೆ ಬಂದಾಗ ದೀಪ ಆರಿಸುತ್ತಿದ್ದರು. ಮತ್ತೆ ದೀಪ ಹತ್ತಿದಾಗ ಗಾಯಕಿ ಅಲ್ಲಿಲ್ಲ, ಹಾಡು ಮಾತ್ರ ನಿಂತಿಲ್ಲ. ಅವಳು ಯಾವಾಗ ಬಾಯಿ ಮುಚ್ಚಿದಳೆಂದು ಸಭಿಕರಿಗೆ ಗೊತ್ತಾಗುತ್ತಿರಲಿಲ್ಲ. ಇದರ ಗುಟ್ಟನ್ನು ಆ ಗಾಯಕಿಯರಲ್ಲಿ ಒಬ್ಬರಾದ ಆನಾ ಕೇಸ್ ಮುಂದೆ ತಾವೇ ಹೇಳಿದರು: ಯಂತ್ರದ ಸದ್ದಿಗೆ ಸರಿಹೊಂದುವಂತೆ ದನಿಯನ್ನು ತಗ್ಗಿಸಿ ಹಾಡುತ್ತಿದ್ದೆ ಎಂದು.

ಧ್ವನಿಯಲ್ಲಿ ಮುಂದಿದ್ದ ಎಡಿಸನ್ ವ್ಯಾಪಾರದಲ್ಲಿ ಸೋತರು. ಅವರ ತಟ್ಟೆ ಆರು ಮಿಲಿಮೀಟರಿನಷ್ಟು ದಪ್ಪ, ಕೈಗೆ ಭಾರ. ಅದರ ಗೀರು ಮೇಲೆ ಕೆಳಗೆ ಏರಿಳಿಯುತ್ತಿದ್ದುದರಿಂದ, ಅಕ್ಕಪಕ್ಕ ತೊನೆಯುವ ಗೀರಿಗೆಂದು ಮಾಡಿದ ಬೇರೆ ಕಂಪನಿಗಳ ಯಂತ್ರದಲ್ಲಿ ಅದು ಹಾಗೆಯೇ ಹಾಡುತ್ತಿರಲಿಲ್ಲ. ಜನ ಮೆಚ್ಚಿದ ಗಾಯಕರಲ್ಲಿ ಬಹಳ ಮಂದಿ ಬೇರೆಯವರ ಬಳಿ ಇದ್ದರು. 1929ರಲ್ಲಿ ಎಡಿಸನ್ ಕಂಪನಿ ಧ್ವನಿಮುದ್ರಿಕೆಯ ವ್ಯವಹಾರಕ್ಕೇ ಬಾಗಿಲು ಹಾಕಿತು.

ಈ ಕಥೆಯನ್ನು ಸಾಮಾನ್ಯವಾಗಿ ಒಂದೇ ಷರಾದೊಂದಿಗೆ ಮುಗಿಸುತ್ತಾರೆ: ಜನರಿಗೆ ಅನುಕೂಲ ಬೇಕು, ಗುಣಮಟ್ಟ ಬೇಕಿಲ್ಲ. ನಂತರ ಕ್ಯಾಸೆಟ್ ಬಂದಾಗಲೂ ಎಂಪಿ3 ಬಂದಾಗಲೂ ಬ್ಲೂಟೂತ್ ಬಂದಾಗಲೂ ಇದೇ ಷರಾ ಮರುಕಳಿಸಿತು. ನನಗೆ ಇದು ಅರ್ಧ ಸರಿ ಅನಿಸುತ್ತದೆ. ಅನುಕೂಲ ಗೆದ್ದದ್ದು ನಿಜ. ಆದರೆ ಗುಣಮಟ್ಟ ಕಳೆದುಹೋಗುತ್ತಿರುವುದು ನಾವು ಬೆರಳು ತೋರಿಸುವ ಜಾಗದಲ್ಲೇ ಎಂಬುದು ನಿಜವಲ್ಲ. ಕೊಡ ಸೋರುತ್ತಿದೆ, ನಾವು ಬೇರೆಲ್ಲೋ ಬೆಸುಗೆ ಹಾಕುತ್ತಿದ್ದೇವೆ.

ಮೊದಲು ಅಳತೆಗೋಲು ಯಾವುದೆಂದು ನೋಡೋಣ. 1982ರಲ್ಲಿ ಬಂದ ಸಿಡಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಆ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಒಂದು ಕಂಪನವನ್ನು ಪೂರ್ತಿಯಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು ಎಂಬುದು ಗಣಿತದ ನಿಯಮ. ಎಳೆಯ, ಆರೋಗ್ಯವಂತ ಕಿವಿಗೆ ಕೇಳುವ ಅತಿ ಮೇಲಿನ ಸ್ವರ ಸುಮಾರು 20,000 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದರ ಇಮ್ಮಡಿಯ ಮೇಲೆ ಸ್ವಲ್ಪ ಅಂಚು ಬಿಟ್ಟರೆ 44,100. (ವಯಸ್ಸಾಗುತ್ತಾ ಆ ಮೇಲಿನ ತುದಿ ಕುಸಿಯುತ್ತಾ ಬರುತ್ತದೆ. ದುಬಾರಿ ಉಪಕರಣ ಕೊಳ್ಳುವಷ್ಟು ಸಂಪಾದನೆಯಾಗುವ ಹೊತ್ತಿಗೆ ಅದನ್ನು ಪೂರ್ತಿ ಕೇಳುವ ಕಿವಿ ಉಳಿದಿರುವುದಿಲ್ಲ ಎಂಬುದು ಈ ಹವ್ಯಾಸದ ಹಳೆಯ ಹಾಸ್ಯ.) ಪ್ರತಿ ಅಳತೆಗೂ 16 ಬಿಟ್, ಅಂದರೆ ಹದಿನಾರು ಸೊನ್ನೆ-ಒಂದುಗಳು. ಇದರಿಂದ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವೆ ಸುಮಾರು 96 ಡೆಸಿಬೆಲ್‌ಗಳ (ಸದ್ದಿನ ಮಟ್ಟದ ಅಳತೆ) ಅವಕಾಶ ಸಿಗುತ್ತದೆ. ಎರಡು ಕಿವಿಗೆ ಎರಡು ವಾಹಿನಿ. ಎಲ್ಲವನ್ನೂ ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. ನಾಲ್ಕು ನಿಮಿಷದ ಹಾಡಿಗೆ 42 ಮೆಗಾಬೈಟ್.

ತೊಂಬತ್ತರ ದಶಕದ ಕೊನೆಯಲ್ಲಿ ದೂರವಾಣಿ ತಂತಿಯ ಮೇಲೆ ಓಡುತ್ತಿದ್ದ, ಸೆಕೆಂಡಿಗೆ 56 ಕಿಲೋಬಿಟ್‌ನ ಮೋಡೆಮ್‌ಗೆ ಇಂಥ ಒಂದು ಹಾಡನ್ನು ಇಳಿಸಿಕೊಳ್ಳಲು ಒಂದೂ ಮುಕ್ಕಾಲು ಗಂಟೆಯ ಹತ್ತಿರ ಬೇಕಿತ್ತು. ಅದನ್ನೇ ಕುಗ್ಗಿಸಿ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಕಡತ ಮಾಡಿದರೆ ಒಂಬತ್ತು ನಿಮಿಷ. ಹನ್ನೊಂದು ಪಾಲಿನಲ್ಲಿ ಒಂದು ಪಾಲು ಉಳಿಸಿಕೊಂಡು ಹತ್ತು ಪಾಲು ಬಿಸಾಡಿದರೂ ಹಾಡು ಹಾಡಾಗಿಯೇ ಉಳಿಯುವುದು ಹೇಗೆ?

ಕಿವಿಯ ಒಂದು ದೌರ್ಬಲ್ಯ ಇಲ್ಲಿ ಕೈಹಿಡಿಯುತ್ತದೆ. ಜೋರಾದ ಒಂದು ಸ್ವರ ಮೊಳಗುತ್ತಿರುವಾಗ ಅದರ ಅಕ್ಕಪಕ್ಕದ ಮೆಲುಸ್ವರಗಳು ನಮಗೆ ಕೇಳುವುದೇ ಇಲ್ಲ. ಅದೂ ತನಗಿಂತ ಮೇಲಿನ ಸ್ವರಗಳನ್ನು ಅದು ಹೆಚ್ಚು ಮುಚ್ಚುತ್ತದೆ, ಕೆಳಗಿನವನ್ನು ಕಡಿಮೆ. ಮರೆ ಮಾಡುವುದು ಆ ಕ್ಷಣಕ್ಕೆ ಮಾತ್ರವಲ್ಲ. ಡೋಲಿನ ಮೇಲೆ ಬಿದ್ದ ಪೆಟ್ಟು ತಾನು ಮುಗಿದ ಮೇಲೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಹಿಂದೆ ಬರುವ ಸಣ್ಣ ಸದ್ದುಗಳನ್ನು ಮುಚ್ಚಿರುತ್ತದೆ. ಇನ್ನೂ ವಿಚಿತ್ರವೆಂದರೆ ತನಗಿಂತ ಕೆಲವು ಮಿಲಿಸೆಕೆಂಡ್ ಮೊದಲು ಬಂದದ್ದನ್ನೂ ಮುಚ್ಚುತ್ತದೆ, ಏಕೆಂದರೆ ಮಿದುಳು ಮೆಲುದನಿಯನ್ನು ಓದಿ ಮುಗಿಸುವ ಮೊದಲೇ ಜೋರುದನಿ ಅದನ್ನು ಹಿಂದಿಕ್ಕಿ ಬಿಡುತ್ತದೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮತ್ತು ಫ್ರೌನ್‌ಹೋಫರ್ ಸಂಸ್ಥೆಯ ಸಂಗಡಿಗರು ಈ ಗುಣವನ್ನು ಲೆಕ್ಕಕ್ಕೆ ಇಳಿಸಿದರು. ಹಾಡನ್ನು ಸಣ್ಣ ಸಣ್ಣ ತುಣುಕು ಮಾಡಿ, ಪ್ರತಿ ತುಣುಕನ್ನೂ 576 ಸ್ವರಪಟ್ಟಿಗಳಾಗಿ ಸೀಳಿ, ಯಾವುದು ಯಾವುದರ ನೆರಳಿನಲ್ಲಿದೆ ಎಂದು ನೋಡಿ, ನೆರಳಿನಲ್ಲಿರುವುದಕ್ಕೆ ಕಡಿಮೆ ಬಿಟ್ ಕೊಡುವುದು ಅಥವಾ ಕೊಡದೆಯೇ ಇರುವುದು ಅವರ ಉಪಾಯ. ಕಡತದ ಹೆಸರಿನ ಕೊನೆಗೆ ‘ಎಂಪಿ3’ ಎಂಬ ಬಾಲ ಅಂಟಿದ್ದು 1995ರಲ್ಲಿ.

ಈ ಉಪಾಯ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ನನಗೆ ಬಹಳ ಇಷ್ಟದ ಭಾಗ. ಚಪ್ಪಾಳೆಯನ್ನು ತೆಗೆದುಕೊಳ್ಳಿ. ಸಾವಿರ ಜನ ಒಟ್ಟಿಗೆ ಕೈತಟ್ಟಿದರೆ ಅದರಲ್ಲಿ ಇದೇ ಸ್ವರ ಎಂದು ಹೇಳುವಂಥದ್ದು ಯಾವುದೂ ಇಲ್ಲ. ಎಲ್ಲ ಪಟ್ಟಿಗಳಲ್ಲೂ ಏಕಕಾಲಕ್ಕೆ ಚೂಪಾದ ಸಾವಿರ ಚುಕ್ಕಿಗಳು. ಯಾವುದರ ನೆರಳಿನಲ್ಲೂ ಯಾವುದೂ ಸರಿಯಾಗಿ ಅಡಗುವುದಿಲ್ಲ. ಬಿಟ್ ಸಾಲದಾದಾಗ ತಪ್ಪುಗಳು ಇಡೀ ತುಣುಕಿನ ಮೇಲೆ ಹರಡಿಕೊಳ್ಳುತ್ತವೆ, ಚಪ್ಪಾಳೆ ಹೋಗಿ ಬಾಣಲೆಯಲ್ಲಿ ಏನೋ ಚುರುಗುಟ್ಟುವಂತೆ ಕೇಳುತ್ತದೆ. ಕಂಚಿನ ತಾಳ ಝಣ್ಣೆಂದು ಹೊಮ್ಮಿ ನಿಧಾನವಾಗಿ ಕರಗುವ ಜಾಗದಲ್ಲೂ ಹಾಗೆಯೇ: ಆ ಬಾಲಕ್ಕೆ ನೀರಿನಡಿಯಿಂದ ಬಂದಂಥ ತೊದಲು ಸೇರುತ್ತದೆ. ಮನುಷ್ಯನ ದನಿಯೂ ಸುಲಭದ ತುತ್ತಲ್ಲ. ವಾದ್ಯದ ನೆರವಿಲ್ಲದೆ ಅಮೆರಿಕದ ಗಾಯಕಿ ಸೂಸನ್ ವೇಗಾ ಹಾಡಿದ ಒಂದು ಗೀತೆಯನ್ನು ಬ್ರಾಂಡೆನ್‌ಬುರ್ಗ್ ಮತ್ತೆ ಮತ್ತೆ ಒರೆಗಲ್ಲಾಗಿ ಬಳಸಿದರು. ಮೊದಲ ಸುತ್ತುಗಳಲ್ಲಿ ಆ ದನಿ ಗುರುತು ಸಿಗದಷ್ಟು ಕೆಟ್ಟಿತ್ತಂತೆ.

ನಾನು ಕೂಡ ಒಮ್ಮೆ ನನ್ನ ಕಿವಿಯನ್ನು ಪರೀಕ್ಷೆಗೆ ಒಡ್ಡಿದೆ. ಪರದೆಗೆ ಬೆನ್ನು ಹಾಕಿ ಕುಳಿತೆ. ಗೆಳೆಯ ಒಂದೇ ಹಾಡನ್ನು ಮೂರು ರೂಪದಲ್ಲಿ ನುಡಿಸುತ್ತಾ ಹೋದ: ಏನನ್ನೂ ಕಳೆಯದ ಮೂಲ, 320 ಕಿಲೋಬಿಟ್, 128 ಕಿಲೋಬಿಟ್. ಯಾವುದು ಯಾವುದೆಂದು ನಾನು ಹೇಳಬೇಕು, ಅವನು ಕಾಗದದ ಮೇಲೆ ಗೆರೆ ಎಳೆಯಬೇಕು. ಚಪ್ಪಾಳೆ ಇದ್ದ ಕಡೆ 128 ಅನ್ನು ಪ್ರತಿ ಸಲವೂ ಹಿಡಿದೆ. 320ಕ್ಕೂ ಮೂಲಕ್ಕೂ ಇರುವ ಭೇದವನ್ನೂ ಬಹಳ ಆತ್ಮವಿಶ್ವಾಸದಿಂದಲೇ ಹೇಳುತ್ತಾ ಹೋದೆ. ಕೊನೆಗೆ ಕಾಗದ ನೋಡಿದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಅಂಕ ಬರುತ್ತಿತ್ತು. ಅದಕ್ಕಿಂತ ಮುಖಭಂಗವಾದದ್ದು ಇನ್ನೊಂದು ವಿಷಯಕ್ಕೆ. “ಇದು ಮೂಲವೇ, ಸಂಶಯವಿಲ್ಲ, ಎಷ್ಟು ಬಿಡಿಸಿ ಕೇಳುತ್ತಿದೆ ನೋಡು” ಎಂದು ನಾನು ಮೈಮರೆತು ಹೊಗಳಿದ, ಚಪ್ಪಾಳೆಯಿಲ್ಲದ ಒಂದು ಸುತ್ತಿನಲ್ಲಿ ಅವನು ನುಡಿಸಿದ್ದು 128 ಅನ್ನೇ. ಆದರೆ ಸದ್ದನ್ನು ಕೂದಲೆಳೆಯಷ್ಟು ಏರಿಸಿದ್ದ.

ಇದು ನನ್ನೊಬ್ಬನ ಕಿವಿಯ ದೋಷವಲ್ಲ. ಸದ್ದು ಒಂದು ಡೆಸಿಬೆಲ್‌ನಷ್ಟು ಏರಿದರೂ ಅದು ನಮಗೆ ‘ಜೋರು’ ಎಂದು ಕೇಳುವುದಿಲ್ಲ, ‘ಚೆನ್ನಾಗಿದೆ’ ಎಂದು ಕೇಳುತ್ತದೆ. ಹಾಗಾಗಿ ಸದ್ದಿನ ಮಟ್ಟ ಸಮ ಮಾಡದೆ, ಯಾವುದು ಯಾವುದೆಂದು ಮುಚ್ಚಿಡದೆ ಮಾಡಿದ ಹೋಲಿಕೆಗಳಿಗೆ ಕವಡೆ ಕಿಮ್ಮತ್ತು. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೋರನ್ ಸಿಡಿಗಿಂತ ಹೆಚ್ಚು ವಿವರ ಹಿಡಿಯುವ ಎಸ್‌ಎಸಿಡಿಯಂಥ ತಟ್ಟೆಗಳನ್ನು ಹೀಗೆ ಮುಚ್ಚಿಟ್ಟು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಧ್ವನಿಯನ್ನು ಸಿಡಿಯ ಮಟ್ಟಕ್ಕೆ ಇಳಿಸಿ ನಡುವೆ ನಡುವೆ ಬದಲಿಸಿದಾಗ, 554 ಪ್ರಯತ್ನಗಳಲ್ಲಿ ಸರಿಯಾಗಿ ಗುರುತಿಸಿದ್ದು 276 ಸಲ. ಅಂದರೆ ಅರ್ಧಕ್ಕರ್ಧ. 1999ರಲ್ಲಿ ಬಂದ ಎಸ್‌ಎಸಿಡಿಯೂ ಅದರ ಹಿಂದೆಯೇ ಬಂದ ಡಿವಿಡಿ-ಆಡಿಯೊ ಕೂಡ ಜನಸಾಮಾನ್ಯರ ಮನೆ ಸೇರಲಿಲ್ಲ ಎಂಬುದಕ್ಕೆ ಜನರ ಸೋಮಾರಿತನವನ್ನು ದೂರುವವರು ಈ ಅಂಕಿಯನ್ನೂ ಒಮ್ಮೆ ನೋಡಬೇಕು.

ಹಾಗಾದರೆ ಸೋರುತ್ತಿರುವುದು ಎಲ್ಲಿ? ಕಡತದಿಂದ ಕಿವಿಯವರೆಗಿನ ದಾರಿಯಲ್ಲಿ.

ಬ್ಲೂಟೂತ್ ಇಯರ್‌ಬಡ್‌ನಲ್ಲಿ ಹಾಡು ನೇರವಾಗಿ ಹರಿದು ಬರುವುದಿಲ್ಲ. ಫೋನು ಮೊದಲು ಕಡತವನ್ನು ಬಿಚ್ಚುತ್ತದೆ, ಆಮೇಲೆ ಗಾಳಿಯಲ್ಲಿ ಸಾಗಿಸಲು ಮತ್ತೆ ಕುಗ್ಗಿಸುತ್ತದೆ, ಕಿವಿಯಲ್ಲಿರುವ ಗುಂಡಿಯಷ್ಟು ಯಂತ್ರ ಅದನ್ನು ಮತ್ತೊಮ್ಮೆ ಬಿಚ್ಚುತ್ತದೆ. ಪೆಟ್ಟಿಗೆಯಲ್ಲಿ ಮಡಚಿಟ್ಟ ಬಟ್ಟೆಯನ್ನು ತೆಗೆದು ಇನ್ನೊಂದು ಚಿಕ್ಕ ಪೆಟ್ಟಿಗೆಗೆ ತುರುಕಿದಂತೆ. ಎಲ್ಲ ಬ್ಲೂಟೂತ್ ಸಂಗೀತ ಉಪಕರಣಗಳಲ್ಲೂ ಕಡ್ಡಾಯವಾಗಿ ಇರಲೇಬೇಕಾದ ಎಸ್‌ಬಿಸಿ ವಿಧಾನದ ಉತ್ತಮ ದರ್ಜೆ ಸೆಕೆಂಡಿಗೆ 328 ಕಿಲೋಬಿಟ್. ಎಲ್‌ಡಿಎಸಿ ಎಂಬ ಇನ್ನೊಂದು ವಿಧಾನ 990ರವರೆಗೂ ಹೋಗುತ್ತದೆ. ಇವೆರಡೂ ಸಿಡಿಯ 1,411ಕ್ಕಿಂತ ಕಡಿಮೆ. ಆಪಲ್ 2021ರಲ್ಲಿ, ಸ್ಪಾಟಿಫೈ 2025ರಲ್ಲಿ ಏನನ್ನೂ ಕಳೆಯದ ‘ಲಾಸ್‌ಲೆಸ್’ ಹಾಡುಗಳನ್ನು ಕೊಡಲು ಆರಂಭಿಸಿದವು. ಆದರೆ ಬಹುತೇಕರು ಅವನ್ನು ಕೇಳುವುದು ಈ ತಂತಿಯಿಲ್ಲದ ದಾರಿಯಲ್ಲಿ, ಅಂದರೆ ಕಳೆದ ನಂತರವೇ. ಆದರೂ ಬ್ಲೂಟೂತನ್ನು ಮುಖ್ಯ ಆರೋಪಿಯೆಂದು ನಿಲ್ಲಿಸಲು ನನಗೆ ಮನಸ್ಸಿಲ್ಲ. ಈ ಎರಡನೆಯ ಕುಗ್ಗಿಸುವಿಕೆಯನ್ನು ಗಮನಿಸಲೂ ಶಾಂತವಾದ ಜಾಗ ಬೇಕು, ಮೊದಲಿಗೆ ನಮ್ಮ ಬಳಿ ಅದೇ ಇಲ್ಲ.

ಬಸ್ಸಿನೊಳಗಿನ ಗದ್ದಲ 75 ಡೆಸಿಬೆಲ್ ಎಂದಿಟ್ಟುಕೊಳ್ಳಿ. ರಾತ್ರಿಯ ಮಲಗುವ ಕೋಣೆಯಲ್ಲಿ 30. ಹಾಡಿನ ಅತಿ ಜೋರಾದ ಭಾಗವನ್ನು 85ಕ್ಕೆ ಏರಿಸಿ ಕೇಳಿದರೆ, ಕೋಣೆಯಲ್ಲಿ ಅದರ ಕೆಳಗೆ 55 ಡೆಸಿಬೆಲ್‌ಗಳಷ್ಟು ಆಳದ ಸಂಗೀತ ಕಾಣುತ್ತದೆ; ಬಸ್ಸಿನಲ್ಲಿ ಹತ್ತು. ಕೊಳಲು ಸಣ್ಣಗೆ ಉಸಿರೆಳೆದುಕೊಳ್ಳುವುದು, ತಂತಿಯ ಮೇಲೆ ಬೆರಳು ಜಾರುವ ಸದ್ದು, ಸಭಾಂಗಣದ ಗೋಡೆಗಳಿಂದ ಮರಳಿ ಬರುವ ಮಾರ್ದನಿ, ಎಲ್ಲವೂ ಎಂಜಿನ್ನಿನ ಗುಡುಗಿನ ಕೆಳಗೆ ಮುಳುಗಿಹೋಗುತ್ತವೆ. ಎಂಪಿ3 ಲೆಕ್ಕ ಹಾಕಿ ಎಚ್ಚರಿಕೆಯಿಂದ ಕಳೆದದ್ದಕ್ಕಿಂತ ಬಸ್ಸು ಲೆಕ್ಕವಿಲ್ಲದೆ ಕಳೆಯುವುದು ಎಷ್ಟೋ ಪಾಲು ಹೆಚ್ಚು. ಆಗ ನಾವು ಮಾಡುವುದು ಒಂದೇ: ಸದ್ದು ಏರಿಸುವುದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿಸಿದರೆ ಅದು ವಾರಕ್ಕೆ ನಾಲ್ಕೇ ಗಂಟೆ. ಹೊರಗದ್ದಲ ಅಳಿಸುವ ಹೆಡ್‌ಫೋನನ್ನು ಶುದ್ಧ ನಾದದ ಪಂಥದವರು ಮೂಗು ಮುರಿದು ನೋಡುತ್ತಾರೆ. ಬಸ್ಸಿನಲ್ಲಿ ಕುಳಿತವರಿಗೆ ನಾದವನ್ನು ಹಿಂತಿರುಗಿಸಿ ಕೊಟ್ಟದ್ದು ಮಾತ್ರ ಅದೇ.

ಇನ್ನು ಕಿವಿಯೊಳಗೆ ಕೂರುವ ಆ ರಬ್ಬರ್ ತುದಿ. ಹೊಸದಾಗಿ ಕೊಂಡ ಇಯರ್‌ಫೋನಿನಲ್ಲಿ ಮಂದ್ರ ಸ್ವರಗಳೇ ಇಲ್ಲ, ಡೋಲು ಕಾಗದದ ಪೆಟ್ಟಿಗೆ ಬಡಿದಂತೆ ಕೇಳುತ್ತದೆ ಎಂದು ನಾನು ಎರಡು ತಿಂಗಳು ಗೊಣಗಿದೆ. ಚಂದಾ ಬದಲಿಸಿದೆ, ಲಾಸ್‌ಲೆಸ್‌ಗೆ ಏರಿದೆ, ಸ್ವರ ಹೊಂದಿಸುವ ಪರದೆಯಲ್ಲಿ ಗುಂಡಿಗಳನ್ನು ಮೇಲೆ ಕೆಳಗೆ ಎಳೆದೆ. ಒಂದು ದಿನ ಯಾವುದೋ ಹಾಡಿನ ನಡುವೆ ಬೆರಳಿನಿಂದ ಅದನ್ನು ಒಳಕ್ಕೆ ಒತ್ತಿದಾಗ ಕಿವಿಯೊಳಗೆ ಕತ್ತಲು ಕವಿದಂತಾಯಿತು, ಮರುಕ್ಷಣ ಡೋಲು ಎದೆಗೆ ಬಡಿಯಿತು. ಕಾರಣ ಸರಳ. ಕಡಲೆ ಕಾಳಿನಷ್ಟು ಚಿಕ್ಕ ಪೊರೆಗೆ ಬಯಲಿನ ಗಾಳಿಯನ್ನೆಲ್ಲ ಅಲುಗಿಸಿ ಮಂದ್ರ ಸ್ವರ ಹುಟ್ಟಿಸುವ ಶಕ್ತಿಯಿಲ್ಲ. ಮುಚ್ಚಿದ ಕಿವಿಗೂಡಿನೊಳಗಿನ ಚೂರು ಗಾಳಿಯನ್ನು ಮಾತ್ರ ಅದು ಒತ್ತಬಲ್ಲದು. ತುದಿಯ ಪಕ್ಕದಲ್ಲಿ ಎಳೆಯಷ್ಟು ಸಂದಿ ಉಳಿದರೂ ಒತ್ತಡ ಅಲ್ಲಿಂದ ಸೋರಿ ಹೋಗುತ್ತದೆ; ಮೊದಲು ಸೋರುವುದು ಮಂದ್ರವೇ. ಡಬ್ಬಿಯ ಮೂಲೆಯಲ್ಲಿ ಇನ್ನೂ ಎರಡು ಅಳತೆಯ ತುದಿಗಳು ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇದ್ದವು. ನನ್ನ ಎಡಗಿವಿಗೆ ದೊಡ್ಡದು ಬೇಕಿತ್ತು, ಬಲಗಿವಿಗೆ ನಡುವಿನದು.

ಮತ್ತೊಂದು ಸೋರಿಕೆ ಹಾಡು ನಮ್ಮ ಕೈಗೆ ಬರುವ ಮೊದಲೇ ಆಗಿರುತ್ತದೆ. ಜೋರಾದದ್ದು ಚೆನ್ನಾಗಿ ಕೇಳುತ್ತದೆ ಎಂಬ ನನ್ನ ಗೆಳೆಯನ ಕುಚೇಷ್ಟೆಯನ್ನು ಸಂಗೀತ ಉದ್ಯಮ ಬಹಳ ಹಿಂದೆಯೇ ಕಂಡುಕೊಂಡಿತ್ತು. ಪಕ್ಕದ ಹಾಡಿಗಿಂತ ತಮ್ಮದು ಜೋರಾಗಿರಲೆಂದು ಮೆಲು ಭಾಗಗಳನ್ನೆಲ್ಲ ಮೇಲಕ್ಕೆ ಎತ್ತಿ, ಶಿಖರಗಳನ್ನು ಕತ್ತರಿಸಿ, ಇಡೀ ಹಾಡನ್ನು ಒಂದೇ ಎತ್ತರದ ಇಟ್ಟಿಗೆ ಗೋಡೆ ಮಾಡಿದರು. 96 ಡೆಸಿಬೆಲ್‌ಗಳ ಅರಮನೆ ಕಟ್ಟಿಸಿಕೊಂಡು ಅಟ್ಟದ ಮೇಲೆ ಮಾತ್ರ ವಾಸ ಮಾಡಿದ ಹಾಗೆ. ಮೆಟಾಲಿಕಾ ಎಂಬ ರಾಕ್ ತಂಡ 2008ರಲ್ಲಿ ತಂದ ಆಲ್ಬಂ ಹೀಗೆ ಎಷ್ಟು ಜಜ್ಜಿಹೋಗಿತ್ತೆಂದರೆ, ಅದೇ ಹಾಡುಗಳು ಒಂದು ವಿಡಿಯೊ ಆಟದಲ್ಲಿ ಹೆಚ್ಚು ಚೆನ್ನಾಗಿ ಕೇಳುತ್ತವೆ ಎಂದು ಅಭಿಮಾನಿಗಳೇ ಕಂಡುಹಿಡಿದು ಗಲಾಟೆ ಎಬ್ಬಿಸಿದರು. ಇಂಥ ಹಾಡನ್ನು ಲಾಸ್‌ಲೆಸ್‌ನಲ್ಲಿ ಕೇಳಿದರೆ ಜಜ್ಜಿದ್ದು ಒಂದಿಷ್ಟೂ ಕಳೆಯದಂತೆ ಕೇಳುತ್ತದೆ, ಅಷ್ಟೇ. ಇದಕ್ಕೆ ಕಡಿವಾಣ ಬೀಳತೊಡಗಿದ್ದು ಅನುಕೂಲದ ಕೂಸಾದ ಸ್ಟ್ರೀಮಿಂಗ್‌ನಿಂದ ಎಂಬುದು ತಮಾಷೆ. ಕೇಳುಗರು ಹಾಡಿನಿಂದ ಹಾಡಿಗೆ ಸದ್ದು ಸರಿಪಡಿಸುತ್ತಾ ಕೂರಬಾರದೆಂದು ಸೇವೆಗಳೇ ಎಲ್ಲ ಹಾಡುಗಳನ್ನೂ ಸರಾಸರಿ ಒಂದೇ ಮಟ್ಟಕ್ಕೆ ತರುತ್ತವೆ. ಜೋರಾಗಿ ಜಜ್ಜಿದ ಹಾಡನ್ನು ಅಲ್ಲಿ ತಗ್ಗಿಸಲಾಗುತ್ತದೆ. ಜಜ್ಜಿದ್ದರಿಂದ ಸಿಗಬೇಕಾಗಿದ್ದ ಲಾಭವೇ ಇಲ್ಲ.

ಕ್ಯಾಸೆಟ್ಟಿನ ಕಥೆಯೂ ಇದೇ ಜಾಡಿನದು. 1963ರಲ್ಲಿ ಫಿಲಿಪ್ಸ್ ಅದನ್ನು ತಂದಾಗ ಮಾತು ಮುದ್ರಿಸಿಕೊಳ್ಳಲು ಸಾಕೆಂಬುದೇ ಎಣಿಕೆ. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪು, ಸೆಕೆಂಡಿಗೆ 4.76 ಸೆಂಟಿಮೀಟರ್ ಓಟ. ಸ್ಟುಡಿಯೊದಲ್ಲಿ ಟೇಪು ಓಡುತ್ತಿದ್ದುದು 38ರಲ್ಲಿ. ಹಾಡಿನ ಹಿಂದೆ ಸದಾ ಒಂದು ಸುಸ್ಸೆನ್ನುವ ಸದ್ದು. 1976ರಲ್ಲಿ ಸೋನಿ ಮುಂತಾದವರು ಹೆಚ್ಚು ಅಗಲದ, ಎರಡು ಪಟ್ಟು ವೇಗದ ‘ಎಲ್‌ಕ್ಯಾಸೆಟ್’ ತಂದು ಕೊರತೆ ನೀಗಿಸಹೊರಟರು. ಹೆಚ್ಚು ಕಾಲ ಅದು ಬಾಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಡಾಲ್ಬಿಯ ಸದ್ದಡಗಿಸುವ ತಂತ್ರವೂ ಕ್ರೋಮಿಯಂ ಲೇಪದ ಟೇಪೂ ಸೇರಿ ಅಂಗೈಯಗಲದ ಕ್ಯಾಸೆಟ್ಟನ್ನೇ ಸಂಗೀತಕ್ಕೆ ಸಾಕಾಗುವಷ್ಟು ಪಳಗಿಸಿದ್ದವು. 1979ರಲ್ಲಿ ವಾಕ್‌ಮನ್ ಬಂತು. ದೊಡ್ಡ ಪೆಟ್ಟಿಗೆಯವರು ನಕ್ಕರೂ, ಮನೆಯ ಹೊರಗೆ ನಡೆಯುತ್ತಾ ಎರಡು ಕಿವಿಗೂ ಸ್ಟೀರಿಯೊ ಕೇಳುವುದು ಬಹಳ ಮಂದಿಗೆ ಅದೇ ಮೊದಲು. ಅವರ ಪಾಲಿಗೆ ಗುಣಮಟ್ಟ ಇಳಿಯಲಿಲ್ಲ, ಏರಿತು.

ಎಲ್‌ಪಿ ತಟ್ಟೆಗಳು ಮರಳಿ ಬಂದದ್ದನ್ನು ಗುಣಮಟ್ಟದ ಗೆಲುವೆಂದು ಹೇಳುವವರಿದ್ದಾರೆ. ಅಳೆದು ನೋಡಿದರೆ ಎಲ್‌ಪಿ ಸಿಡಿಗಿಂತ ಹಿಂದೆ: ಧೂಳಿನ ಚಟಪಟ, ಸೂಜಿ ತಟ್ಟೆಯ ನಡುವಿಗೆ ಸರಿದಂತೆ ಮಂಕಾಗುವ ತಾರಸ್ವರ. ಆದರೂ 2020ರಲ್ಲಿ ಅಮೆರಿಕದಲ್ಲಿ ಎಲ್‌ಪಿಯ ಗಳಿಕೆ ಸಿಡಿಯದನ್ನು ದಾಟಿತು. 1980ರ ದಶಕದ ನಂತರ ಅದೇ ಮೊದಲು. ನನಗೆ ಕಾಣುವಂತೆ ಅವರು ಕೊಳ್ಳುತ್ತಿರುವುದು ಅನನುಕೂಲವನ್ನು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಿ ಹಾಕಬೇಕಾದ ತಟ್ಟೆಯ ಮುಂದೆ ಕುಳಿತವರು ಬೇರೆ ಕೆಲಸ ಮಾಡುವುದು ಕಷ್ಟ, ಹಾಗಾಗಿ ಕೇಳುತ್ತಾರೆ.

ಜನರಿಗೆ ಒಳ್ಳೆಯ ನಾದ ಬೇಡವೆಂಬುದಕ್ಕೆ ಪುರಾವೆಯಾಗಿ 1945ರ ಒಂದು ಪ್ರಯೋಗವನ್ನು ತೋರಿಸುತ್ತಿದ್ದ ಕಾಲವಿತ್ತು. ಚಿನ್ ಮತ್ತು ಐಸೆನ್‌ಬರ್ಗ್ ಎಂಬಿಬ್ಬರು ರೇಡಿಯೊ ಕೇಳುಗರ ಮುಂದೆ ಅಗಲ ವ್ಯಾಪ್ತಿಯ ಧ್ವನಿಯನ್ನೂ ಮೇಲಿನ ಸ್ವರಗಳನ್ನು ಕತ್ತರಿಸಿದ ಕಿರಿದಾದ ಧ್ವನಿಯನ್ನೂ ಇಟ್ಟರು. ಹೆಚ್ಚಿನವರು ಕಿರಿದಾದುದನ್ನೇ ಆರಿಸಿಕೊಂಡರು. ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್‌ಗೆ ಇದು ಒಪ್ಪಿಗೆಯಾಗಲಿಲ್ಲ. 1947ರಲ್ಲಿ ಅವರು ಯಂತ್ರಗಳನ್ನೆಲ್ಲ ಬದಿಗಿಟ್ಟು, ನಿಜವಾದ ವಾದ್ಯವೃಂದವನ್ನೇ ಕೂರಿಸಿ, ಅದಕ್ಕೂ ಕೇಳುಗರಿಗೂ ನಡುವೆ ತೆರೆದು ಮುಚ್ಚಬಹುದಾದ ತಡಿಕೆಗಳನ್ನು ನಿಲ್ಲಿಸಿದರು. ಮುಚ್ಚಿದರೆ 5,000 ಹರ್ಟ್ಜ್‌ಗಿಂತ ಮೇಲಿನದ್ದು ಒಳಗೇ ಉಳಿಯುತ್ತದೆ, ತೆರೆದರೆ ಎಲ್ಲವೂ ಹೊರಗೆ ಬರುತ್ತದೆ. ಯಾವಾಗ ತೆರೆದಿದೆ, ಯಾವಾಗ ಮುಚ್ಚಿದೆ ಎಂಬುದು ಕೇಳುಗರಿಗೆ ಕಾಣದಂತೆ ಮುಂದೆ ತೆಳ್ಳನೆಯ ಪರದೆ. ಈ ಸಲ ಹೆಚ್ಚಿನವರು ಆರಿಸಿಕೊಂಡದ್ದು ತೆರೆದದ್ದನ್ನು. ಅಂದಿನ ಯಂತ್ರಗಳಲ್ಲಿ ಮೇಲಿನ ಸ್ವರಗಳ ಜೊತೆಗೆ ಕರ್ಕಶವೂ ಬರುತ್ತಿತ್ತು. ರೇಡಿಯೊದ ಮುಂದೆ ಕುಳಿತವರು ಬೇಡವೆಂದದ್ದು ಆ ಕರ್ಕಶವನ್ನು.